ಆಸ್ಪತ್ರೆಯ ಕಡತಕ್ಕೂ ಬೇಕು ಓದು: ವೈದ್ಯಕೀಯ ದಾಖಲೆ ಮತ್ತು ಕಚೇರಿ ಆಡಳಿತದ ಶಿಕ್ಷಣ

ಹುಬ್ಬಳ್ಳಿ: ಹೊತ್ತು ಏರುವ ಮೊದಲೇ ವಿದ್ಯಾನಗರದ ಕಿಮ್ಸ್ ಆವರಣದಲ್ಲಿ ಸರತಿ ಸಾಲು ಬೆಳೆಯತೊಡಗುತ್ತದೆ. ನವಲಗುಂದ, ಕುಂದಗೋಳ, ರೋಣ, ಸವಣೂರು, ಯಲಬುರ್ಗಾ, ಮುಂಡಗೋಡ ಎಂದು ನಾಲ್ಕೈದು ಜಿಲ್ಲೆಗಳಿಂದ ಮೊದಲ ಬಸ್ಸು ಹಿಡಿದು ಬಂದವರು ಇಲ್ಲಿ ಸೇರುತ್ತಾರೆ. ವೈದ್ಯರ ಮುಖ ಕಾಣುವುದಕ್ಕೂ ಮುನ್ನ ಅವರು ಕಾಣುವುದು ಚೀಟಿ ಬರೆದುಕೊಡುವ ಕೌಂಟರಿನವರ ಮುಖ. ಗುಣವಾಗಿ ಮನೆಗೆ ಹೊರಡುವ ದಿನವೂ ಕೊನೆಯದಾಗಿ ನಿಲ್ಲಬೇಕಾದದ್ದು ಇನ್ನೊಂದು ಕೌಂಟರಿನ ಮುಂದೆಯೇ. ಈ ಎರಡು ಕೌಂಟರುಗಳ ನಡುವೆ ರೋಗಿಯ ಹೆಸರಿನಲ್ಲಿ ಸೃಷ್ಟಿಯಾಗುವ ಕಾಗದಗಳೆಷ್ಟು, ಅವನ್ನು ಬರೆಯುವವರು ಯಾರು, ಕಾಯುವವರು ಯಾರು ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಕಾಗದ ಕಳೆದಾಗ ಮಾತ್ರ ನೆನಪಾಗುತ್ತದೆ.

ಆ ಕಾಗದಗಳ ಹಿಂದಿರುವ ವೃತ್ತಿಗೆ ಬೇರೆ ಬೇರೆ ಹೆಸರುಗಳಿವೆ. ವೈದ್ಯಕೀಯ ದಾಖಲೆ ತಂತ್ರಜ್ಞ, ಮೆಡಿಕಲ್ ಕೋಡರ್, ವೈದ್ಯಕೀಯ ಕಾರ್ಯದರ್ಶಿ, ವಿಮಾ ವಿಭಾಗದ ಸಹಾಯಕ, ಆರೋಗ್ಯ ಮಿತ್ರ, ಸ್ವಾಗತ ಕೌಂಟರಿನ ಸಿಬ್ಬಂದಿ, ಇವರೆಲ್ಲ ಒಂದೇ ಮರದ ಕೊಂಬೆಗಳು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ, ವೈದ್ಯಕೀಯ ಸೀಟಿನ ಕನಸು ಕಾಣಲು ಹಣವೂ ಇಲ್ಲದ, ಅಂಕವೂ ಸಾಲದ, ಆದರೆ ಆಸ್ಪತ್ರೆಯಲ್ಲಿಯೇ ದುಡಿಯಬೇಕೆಂಬ ಆಸೆಯುಳ್ಳ ನೂರಾರು ಯುವಕ ಯುವತಿಯರಿಗೆ ಇದೊಂದು ಗೌರವದ ದಾರಿ. ಆದರೆ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೇವೆ ಎಂಬುದರ ಮೇಲೆ ಮುಂದಿನ ಮೂವತ್ತು ವರ್ಷ ನಿಂತಿರುತ್ತದೆ. ತಪ್ಪು ಬಾಗಿಲುಗಳೂ ಇವೆ, ಅವುಗಳ ಮೇಲಿನ ಫಲಕಗಳೇ ಹೆಚ್ಚು ಹೊಳೆಯುತ್ತವೆ.

ಅವಳಿ ನಗರದ ಆಸ್ಪತ್ರೆಗಳು

1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಹುಬ್ಬಳ್ಳಿಯು ಉತ್ತರ ಕರ್ನಾಟಕದ ದೊಡ್ಡ ಚಿಕಿತ್ಸಾ ಕೇಂದ್ರ. ಹಿರಿಯರ ಬಾಯಲ್ಲಿ ಅದು ಇನ್ನೂ ಕೆಎಂಸಿ, ನಡುವಯಸ್ಸಿನವರಿಗೆ ಕಿಮ್ಸ್, ಈಗಿನ ಫಲಕದಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ. ಧಾರವಾಡದ ದಾರಿಯಲ್ಲಿ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು 2003ರಲ್ಲಿ ಬಂತು. ಗಬ್ಬೂರಿನ ಕೆಎಲ್‌ಇ ಸಂಸ್ಥೆಯ ವೈದ್ಯಕೀಯ ಕಾಲೇಜು 2021ರಲ್ಲಿ ತೆರೆಯಿತು. ಧಾರವಾಡದ ಡಿಮ್ಹಾನ್ಸ್, ನವನಗರದ ಕ್ಯಾನ್ಸರ್ ಆಸ್ಪತ್ರೆ, ರೈಲ್ವೆ ಆಸ್ಪತ್ರೆ, ಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆ, ದೇಶಪಾಂಡೆ ನಗರ ಮತ್ತು ಗೋಕುಲ ರಸ್ತೆಯ ಸುತ್ತಮುತ್ತಲಿನ ಖಾಸಗಿ ನರ್ಸಿಂಗ್ ಹೋಮುಗಳು ಸೇರಿದರೆ ಪಟ್ಟಿ ಉದ್ದವಾಗುತ್ತದೆ. ಇಷ್ಟೂ ಕಡೆ ದಾಖಲೆ ಬರೆಯುವವರು ಬೇಕು.

ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ ಹಳೆಯ ಮಾನದಂಡಗಳಲ್ಲಿಯೇ ವೈದ್ಯಕೀಯ ದಾಖಲೆ ಅಧಿಕಾರಿ, ಸಂಖ್ಯಾಶಾಸ್ತ್ರಜ್ಞ, ಕೋಡಿಂಗ್ ಗುಮಾಸ್ತ, ದಾಖಲೆ ಗುಮಾಸ್ತ ಎಂಬ ಹುದ್ದೆಗಳು ನಮೂದಾಗಿದ್ದವು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಈ ನಾಲ್ಕೂ ಕೆಲಸಗಳನ್ನು ಒಬ್ಬಳೇ ಹುಡುಗಿ ಮಾಡುತ್ತಾಳೆ. ಜೊತೆಗೆ ದೂರವಾಣಿಗೆ ಉತ್ತರಿಸುವುದೂ ಅವಳದೇ ಪಾಲು.

ಹೆಸರಿನಲ್ಲಿಯೇ ಅರ್ಧ ಕೆಲಸ

ಹೊರಗಿನವರಿಗೆ ನೋಂದಣಿ ಕೌಂಟರಿನ ಕೆಲಸ ಸುಲಭವೆನಿಸುತ್ತದೆ. ಹೆಸರು, ವಯಸ್ಸು, ಊರು ಕೇಳಿ ಗಣಕಯಂತ್ರಕ್ಕೆ ತುಂಬಿದರೆ ಮುಗಿಯಿತಲ್ಲ? ಈ ಭಾಗದಲ್ಲಿ ಅದು ಅಷ್ಟು ಸರಳವಲ್ಲ. ಫಕ್ಕೀರಪ್ಪ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಬಗೆಯಲ್ಲಿ ಬರೆಯುವ ರೂಢಿಯಿದೆ. ಆಧಾರ್ ಚೀಟಿಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಮತ್ತೊಂದು, ಶಾಲೆಯ ದಾಖಲೆಯಲ್ಲಿ ಮೂರನೆಯದು. ತಂದೆಯ ಹೆಸರು ನಡುವೆ ಬಂದು ಅಡ್ಡಹೆಸರು ಕೊನೆಗೆ ನಿಲ್ಲುವುದು ಇಲ್ಲಿಯ ಪದ್ಧತಿ. ದಕ್ಷಿಣದ ಜಿಲ್ಲೆಗಳವರನ್ನು ಗಮನದಲ್ಲಿಟ್ಟು ಸಿದ್ಧಪಡಿಸಿದ ತಂತ್ರಾಂಶದಲ್ಲಿ ಅಡ್ಡಹೆಸರಿಗೆ ಜಾಗವೇ ಇರದಿದ್ದರೆ ಅಂಗಡಿ, ಬಡಿಗೇರ, ಉಪ್ಪಿನ, ಮೆಣಸಿನಕಾಯಿ ಎಲ್ಲರೂ ಬರಿಯ ಮೊದಲಕ್ಷರವಾಗಿ ಉಳಿಯುತ್ತಾರೆ. ಒಂದೇ ದಿನ ಒಂದೇ ವಾರ್ಡಿಗೆ ಇಬ್ಬರು ಮಲ್ಲಪ್ಪ ಬಸಪ್ಪ ಬಂದು ಸೇರುವುದು ಇಲ್ಲಿ ಅಪರೂಪವೇನಲ್ಲ. ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಕಡತಕ್ಕೆ ಹೋದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದಲೇ ಪ್ರತಿ ರೋಗಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಹೆಸರಿಗಿಂತ ಮೊದಲು ಸಂಖ್ಯೆ ನೋಡುವುದನ್ನು ತರಗತಿಯಲ್ಲಿ ಮೊದಲ ಪಾಠವಾಗಿ ಕಲಿಸುತ್ತಾರೆ.

ಹೆರಿಗೆ ವಾರ್ಡಿನ ತೊಡಕು ಇನ್ನೂ ಸೂಕ್ಷ್ಮ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಸಂಪ್ರದಾಯ ನಮ್ಮಲ್ಲಿ ಇಂದಿಗೂ ಗಟ್ಟಿಯಾಗಿದೆ. ಸಾಂಗಲಿಗೋ ಪುಣೆಗೋ ಕೊಟ್ಟ ಮಗಳು ಏಳನೆಯ ತಿಂಗಳಿಗೆ ಹುಬ್ಬಳ್ಳಿಗೆ ಬರುತ್ತಾಳೆ. ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು, ಪಡಿತರ ಚೀಟಿಯಲ್ಲಿ ಇನ್ನೂ ಅಪ್ಪನ ಮನೆಯ ಹೆಸರು. ತಾಯಿ ಕಾರ್ಡಿನಲ್ಲಿ ಎರಡೂ ಅಲ್ಲದ ಕರೆಯುವ ಹೆಸರು. ಯೋಜನೆಯ ಸೌಲಭ್ಯಕ್ಕೆ ಯಾವುದನ್ನು ಹಿಡಿಯಬೇಕು, ಮಗುವಿನ ಜನನ ನೋಂದಣಿಗೆ ಯಾವುದು ಹೋಗಬೇಕು ಎಂದು ಕೌಂಟರಿನವರು ತಿಳಿದು ಕೇಳದಿದ್ದರೆ, ಅದರ ಪರಿಣಾಮ ಆ ಮಗು ಶಾಲೆಗೆ ಸೇರುವ ದಿನ ಕಾಣಿಸಿಕೊಳ್ಳುತ್ತದೆ.

ಇದು ಊಹೆಯ ಮಾತಲ್ಲ. ಈ ವರದಿಗಾರನ ಅಕ್ಕನ ಮಗಳ ಜನನ ಪ್ರಮಾಣ ಪತ್ರದಲ್ಲಿ ತಾಯಿಯ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಹೆರಿಗೆಯಾದ ಆಸ್ಪತ್ರೆಯ ವರದಿಯಲ್ಲಿಯೇ ತಪ್ಪಿದ್ದುದರಿಂದ ನೋಂದಣಿ ಕಚೇರಿಯವರನ್ನು ದೂರುವಂತಿರಲಿಲ್ಲ. ಅದನ್ನು ಸರಿಪಡಿಸಲು ಎರಡು ಪ್ರಮಾಣ ಪತ್ರ, ಒಂದು ಅಫಿಡವಿಟ್, ನಾಲ್ಕು ಸುತ್ತು ಓಡಾಟ ಬೇಕಾಯಿತು. ಬರೆದವರಿಗೆ ಅದು ಅರ್ಧ ಸೆಕೆಂಡಿನ ಕೆಲಸ.

ಊರಿನ ಹೆಸರೂ ಹೀಗೆಯೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ನಮ್ಮ ನಗರ ‘ಹುಬ್ಬಳ್ಳಿ’ಯಾಯಿತು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ‘ಹುಬ್ಳಿ’ ಇದೆ. ಗಣಕಯಂತ್ರಕ್ಕೆ ಇವೆರಡೂ ಬೇರೆ ಬೇರೆ ಊರು.

ದಾಖಲೆ ಕೋಣೆಯ ಲೆಕ್ಕ

ರೋಗಿ ಬಿಡುಗಡೆಯಾದ ಬಳಿಕ ಕಡತ ವಾರ್ಡಿನಿಂದ ದಾಖಲೆ ವಿಭಾಗಕ್ಕೆ ಬರುತ್ತದೆ. ಅಲ್ಲಿ ಮೊದಲು ನಡೆಯುವುದು ಕೊರತೆ ಪರಿಶೀಲನೆ. ಒಪ್ಪಿಗೆ ಪತ್ರಕ್ಕೆ ಸಹಿ ಇದೆಯೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಇದೆಯೇ, ಬಿಡುಗಡೆ ಸಾರಾಂಶದಲ್ಲಿ ಅಂತಿಮ ರೋಗನಿರ್ಣಯ ಬರೆದಿದ್ದಾರೆಯೇ ಎಂದು ನೋಡಿ, ಇಲ್ಲದ್ದನ್ನು ಸಂಬಂಧಪಟ್ಟ ವೈದ್ಯರಿಂದ ಬರೆಸಿಕೊಳ್ಳಬೇಕು. ಹಿರಿಯ ಸರ್ಜನ್ನರ ಬಳಿ ಹೋಗಿ ‘ಸರ್, ಇಲ್ಲಿ ತಮ್ಮ ಸಹಿ ಬಿಟ್ಟುಹೋಗಿದೆ’ ಎನ್ನುವ ಧೈರ್ಯವನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಆದರೆ ಕೆಲಸದ ಬಹುಭಾಗ ಅದೇ.

ನಂತರ ಕೋಡಿಂಗ್. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಪ್ರತಿ ಕಾಯಿಲೆಗೂ ಒಂದು ಸಂಕೇತವಿದೆ. ಟೈಫಾಯಿಡ್‌ಗೆ ಎ01.0, ಎರಡನೆಯ ಬಗೆಯ ಸಕ್ಕರೆ ಕಾಯಿಲೆಗೆ ಇ11, ಹಾವಿನ ವಿಷಕ್ಕೆ ಟಿ63.0. ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ ಹಳೆಯದನ್ನು ಬಲ್ಲವರ ಅಗತ್ಯ ಇನ್ನೂ ತೀರಿಲ್ಲ. ಕೃಷಿ ಪ್ರಧಾನವಾದ ನಮ್ಮ ಸೀಮೆಯ ಆಸ್ಪತ್ರೆಗಳಲ್ಲಿ ಕೀಟನಾಶಕ ಸೇವನೆಯ ಪ್ರಕರಣಗಳು ಬರುತ್ತವೆ. ಅದು ಆಕಸ್ಮಿಕವಾದರೆ ಒಂದು ಸಂಕೇತ, ಎಕ್ಸ್48. ತಾನಾಗಿಯೇ ಸೇವಿಸಿದ್ದರೆ ಮತ್ತೊಂದು, ಎಕ್ಸ್68. ಈ ಎರಡರ ನಡುವೆ ಒಂದು ಕುಟುಂಬದ ಮರ್ಯಾದೆ, ಪೊಲೀಸ್ ಪ್ರಕರಣ, ವಿಮೆಯ ಹಣ, ಸರ್ಕಾರದ ಅಂಕಿಅಂಶ ಎಲ್ಲವೂ ಇವೆ. ಕೋಡ್ ಹಾಕುವವನು ಊಹಿಸುವಂತಿಲ್ಲ, ಮರುಕಪಡುವಂತಿಲ್ಲ. ವೈದ್ಯರು ಬರೆದದ್ದನ್ನು ಮಾತ್ರ ಸಂಕೇತಕ್ಕಿಳಿಸಬೇಕು, ಸ್ಪಷ್ಟವಿಲ್ಲದಿದ್ದರೆ ಕೇಳಬೇಕು.

ಕಡತ ಜೋಡಿಸುವುದರಲ್ಲಿಯೂ ಒಂದು ಜಾಣ್ಮೆಯಿದೆ. 482317 ಎಂಬ ಸಂಖ್ಯೆಯ ಕಡತವನ್ನು 48ರ ಕಪಾಟಿನಲ್ಲಿ ಇಡುವುದಿಲ್ಲ, ಕೊನೆಯ ಎರಡು ಅಂಕಿ ನೋಡಿ 17ರ ಕಪಾಟಿನಲ್ಲಿ ಇಡುತ್ತಾರೆ. ಹೀಗೆ ಮಾಡಿದರೆ ಹೊಸ ಕಡತಗಳೆಲ್ಲ ಒಂದೇ ಮೂಲೆಯಲ್ಲಿ ರಾಶಿಯಾಗದೆ ನೂರು ವಿಭಾಗಗಳಿಗೆ ಸಮನಾಗಿ ಹಂಚಿಹೋಗುತ್ತವೆ. ಹಿಂದಿನಿಂದ ಓದುವುದು ಮೊದಮೊದಲು ಕಷ್ಟ, ರೂಢಿಯಾದ ಮೇಲೆ ಸಲೀಸು.

ಕಾನೂನಿನ ಕಣ್ಣು

2002ರ ವೈದ್ಯಕೀಯ ನೀತಿ ಸಂಹಿತೆಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಕನಿಷ್ಠ 3 ವರ್ಷ ಕಾಯ್ದಿಡಬೇಕು. ರೋಗಿ ಅಥವಾ ಆತ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕು. ಬಹಳಷ್ಟು ರೋಗಿಗಳಿಗೆ ತಮಗಿರುವ ಈ ಹಕ್ಕು ತಿಳಿದಿಲ್ಲ. ಕೆಲವು ಕೌಂಟರುಗಳಲ್ಲಿ ಕುಳಿತವರಿಗೂ ತಿಳಿದಿಲ್ಲವೆಂಬುದು ವಿಷಾದದ ಸಂಗತಿ.

ಜನನ ಮತ್ತು ಮರಣವನ್ನು 1969ರ ಕಾಯ್ದೆಯನ್ವಯ 21 ದಿನಗಳೊಳಗೆ ವರದಿ ಮಾಡಬೇಕು. ಆಸ್ಪತ್ರೆಯಲ್ಲಿ ಸಂಭವಿಸಿದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದೇ. ಈ ಕಾಯ್ದೆಗೆ ತಂದ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಯಾದ ಮೇಲೆ, ಆ ದಿನದ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಚಾಲನಾ ಪರವಾನಗಿಯವರೆಗೆ ಜನನ ಪ್ರಮಾಣ ಪತ್ರವೇ ಮುಖ್ಯ ಆಧಾರವಾಗಿದೆ. ಮರಣದ ವಿಷಯದಲ್ಲಿ ಸಾವಿನ ಕಾರಣವನ್ನು ವೈದ್ಯರು ನಿಗದಿತ ನಮೂನೆಯಲ್ಲಿ ದೃಢೀಕರಿಸಬೇಕು. ಆಸ್ಪತ್ರೆಗೆ ನಮೂನೆ 4, ಮನೆಯಲ್ಲಿ ಆದರೆ 4ಎ. ಅನೇಕ ಕಡೆ ‘ಹೃದಯ ಸ್ತಂಭನ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ! ಅದಕ್ಕೆ ಮೂಲವಾದ ಕಾಯಿಲೆ ಯಾವುದೆಂಬುದನ್ನೇ ನಮೂನೆ ಕೇಳುತ್ತದೆ. ಇದನ್ನು ಗುರುತಿಸಿ ವೈದ್ಯರ ಗಮನಕ್ಕೆ ತರಬಲ್ಲ ದಾಖಲೆ ತಂತ್ರಜ್ಞನಿದ್ದರೆ ಜಿಲ್ಲೆಯ ಸಾವಿನ ಅಂಕಿಅಂಶಕ್ಕೆ ಅರ್ಥ ಬರುತ್ತದೆ.

ಎಲ್ಲಕ್ಕಿಂತ ಬಿಗಿಯಾದದ್ದು 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆ. ಗರ್ಭಿಣಿಯ ಪ್ರತಿ ಸ್ಕ್ಯಾನಿಂಗಿಗೂ ‘ಫಾರಂ ಎಫ್’ ತುಂಬಬೇಕು, 2 ವರ್ಷ ಕಾಯ್ದಿಡಬೇಕು, ಪ್ರತಿ ತಿಂಗಳ ವರದಿಯನ್ನು ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಸಲ್ಲಿಸಬೇಕು. ಫಾರಂನಲ್ಲಿ ಕಾಲಂ ಖಾಲಿ ಬಿಟ್ಟದ್ದನ್ನು ಕೇವಲ ಗುಮಾಸ್ತಿಕೆಯ ತಪ್ಪೆಂದು ಪರಿಗಣಿಸಬೇಕೆಂದು ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಒಕ್ಕೂಟ ಸುಪ್ರೀಂ ಕೋರ್ಟಿನ ಮೊರೆ ಹೋಗಿತ್ತು. 2019ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಫಾರಂ ತುಂಬುವವರ ಕೈಯಲ್ಲಿ ವೈದ್ಯರ ಪರವಾನಗಿಯೇ ಇದೆ ಎಂದರೆ ಅತಿಶಯೋಕ್ತಿಯಾಗದು.

ಗರ್ಭಪಾತದ ದಾಖಲೆಗಳ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಬರೆಯುವುದಕ್ಕಿಂತ ಮುಚ್ಚಿಡುವುದು ಮುಖ್ಯ. ಪ್ರವೇಶ ರಿಜಿಸ್ಟರು ಗೋಪ್ಯ ದಾಖಲೆ. ಬೇರೆ ಯಾವ ಪುಸ್ತಕದಲ್ಲಿಯೂ ಮಹಿಳೆಯ ಹೆಸರು ಬರುವಂತಿಲ್ಲ, ಕ್ರಮಸಂಖ್ಯೆ ಮಾತ್ರ. ಎಲ್ಲರಿಗೂ ಎಲ್ಲರೂ ಪರಿಚಯವಿರುವ ತಾಲ್ಲೂಕು ಪಟ್ಟಣದಲ್ಲಿ, ಪಕ್ಕದ ಓಣಿಯವರ ಕಡತ ಕೈಗೆ ಬಂದಾಗ ಮನೆಗೆ ಹೋಗಿ ಬಾಯಿ ಬಿಡದಿರುವುದು ಈ ವೃತ್ತಿಯ ದೊಡ್ಡ ಪರೀಕ್ಷೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಬಳಿಕ ಇದು ಬರಿಯ ಸೌಜನ್ಯದ ಪ್ರಶ್ನೆಯಾಗಿ ಉಳಿದಿಲ್ಲ. ರೋಗಿಯ ವರದಿಯ ಚಿತ್ರ ತೆಗೆದು ಮೊಬೈಲಿನಲ್ಲಿ ಹತ್ತು ಜನರ ಗುಂಪಿಗೆ ಕಳಿಸುವ ಅಭ್ಯಾಸವಿದ್ದವರು ಈ ಕೆಲಸಕ್ಕೆ ಬರದಿರುವುದೇ ಲೇಸು.

ಯೋಜನೆಗಳ ಕಾಲ

ಕೆಲಸದ ಸ್ವರೂಪವನ್ನೇ ಬದಲಿಸಿದ್ದು ಆರೋಗ್ಯ ಯೋಜನೆಗಳು. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಹಲವು ಯೋಜನೆಗಳು ಒಂದಾಗಿ ಆರೋಗ್ಯ ಕರ್ನಾಟಕವಾಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಜೋಡಣೆಗೊಂಡಿತು. ಯಶಸ್ವಿನಿಗೆ 2022ರಲ್ಲಿ ಮರುಜೀವ ಬಂತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನಡೆಯುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು.

ಕಾಗದದ ಮೇಲೆ ಇದು ಚೆಂದ. ಆದರೆ ಕಾಗದ ಸರಿಯಿದ್ದರಷ್ಟೇ ಚೆಂದ. ತುರ್ತು ಪ್ರಕರಣವಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಚಿಕಿತ್ಸೆಗೆ ಮುನ್ನ ಅನುಮತಿ ಕೋರಬೇಕು, ಸರಿಯಾದ ಪ್ಯಾಕೇಜ್ ಸಂಕೇತ ಆಯ್ದುಕೊಳ್ಳಬೇಕು. ಬಿಡುಗಡೆಯ ಬಳಿಕ ಸಾರಾಂಶ, ತಪಾಸಣಾ ವರದಿ, ಚಿತ್ರಗಳನ್ನು ಲಗತ್ತಿಸಿ ಹಣ ಕೇಳಬೇಕು. ಒಂದು ಕಡೆ ಎಡಗಾಲು, ಇನ್ನೊಂದು ಕಡೆ ಬಲಗಾಲು ಎಂದಿದ್ದರೆ ಬೇಡಿಕೆ ತಿರಸ್ಕೃತ. ಆಸ್ಪತ್ರೆಗೆ ಹಣ ಬಾರದೆ ಹೋದರೆ ಮುಂದಿನ ಬಡರೋಗಿಯನ್ನು ಒಳಗೆ ಸೇರಿಸಿಕೊಳ್ಳಲು ಆಡಳಿತ ಮಂಡಳಿ ಹಿಂದೆ ಮುಂದೆ ನೋಡುತ್ತದೆ. ಯೋಜನೆಯ ಯಶಸ್ಸು ವಿಧಾನಸೌಧದಲ್ಲಿ ತೀರ್ಮಾನವಾಗುವಷ್ಟೇ ಈ ಮೇಜಿನ ಮೇಲೆಯೂ ತೀರ್ಮಾನವಾಗುತ್ತದೆ.

ಖಾಸಗಿ ವಿಮೆಯಲ್ಲಿ ಗಡಿಯಾರದ ಕಾಟ ಬೇರೆ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯಂತೆ, ನಗದುರಹಿತ ಚಿಕಿತ್ಸೆಯ ಕೋರಿಕೆಗೆ ವಿಮಾ ಕಂಪನಿ 1 ಗಂಟೆಯಲ್ಲಿ ಉತ್ತರಿಸಬೇಕು, ಬಿಡುಗಡೆಯ ಅಂತಿಮ ಅನುಮತಿಯನ್ನು 3 ಗಂಟೆಯಲ್ಲಿ ಕೊಡಬೇಕು. ಆದರೆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯಿಂದ ಪೂರ್ಣ ಕಾಗದ ಹೋದ ಮೇಲೆ. ಬೆಳಿಗ್ಗೆ ವೈದ್ಯರು ‘ಮನೆಗೆ ಹೋಗಬಹುದು’ ಎಂದರೂ ಸಂಜೆಯವರೆಗೆ ಹಾಸಿಗೆಯಂಚಿನಲ್ಲಿ ಚೀಲ ಕಟ್ಟಿಕೊಂಡು ಕೂರುವವರನ್ನು ನೋಡಿದವರಿಗೆ ಇದರ ಮಹತ್ವ ಗೊತ್ತು.

ಓದುವುದೆಲ್ಲಿ, ಏನನ್ನು

ರಾಜ್ಯದಲ್ಲಿ ಈ ವಿದ್ಯೆಗೆ ನೇರವಾದ ದಾರಿ ಕರ್ನಾಟಕ ಅರೆವೈದ್ಯಕೀಯ ಮಂಡಳಿಯ ‘ಡಿಪ್ಲೊಮಾ ಇನ್ ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ’. ಪ್ರಯೋಗಾಲಯ, ಕ್ಷ-ಕಿರಣ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್ ಡಿಪ್ಲೊಮಾಗಳ ಸಾಲಿನಲ್ಲಿಯೇ ಇದೂ ಬರುತ್ತದೆ. ವಿದ್ಯಾರ್ಥಿಗಳು ಮೊದಲು ಪ್ರಯೋಗಾಲಯದ ಕೋರ್ಸಿಗೆ ಮುಗಿಬೀಳುತ್ತಾರೆ, ದಾಖಲೆಯ ಕೋರ್ಸು ಕೊನೆಗೆ ಉಳಿಯುತ್ತದೆ. ಬಿಳಿ ಕೋಟು ಹಾಕಿಕೊಂಡು ಸೂಕ್ಷ್ಮದರ್ಶಕ ನೋಡುವುದರಲ್ಲಿರುವ ಆಕರ್ಷಣೆ ಕಡತದಲ್ಲಿ ಇಲ್ಲ, ನಿಜ. ಎಸ್ಸೆಸ್ಸೆಲ್ಸಿ ಆದವರೂ ಪಿಯುಸಿ ವಿಜ್ಞಾನ ಓದಿದವರೂ ಅರ್ಜಿ ಹಾಕಬಹುದು. ಅವಧಿ, ಅರ್ಹತೆ, ಸೀಟುಗಳ ಹಂಚಿಕೆಯನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳಬೇಕು.

ಪಠ್ಯದಲ್ಲಿ ಅಂಗರಚನೆ, ಶರೀರಕ್ರಿಯೆ, ವೈದ್ಯಕೀಯ ಪರಿಭಾಷೆ, ರೋಗ ವರ್ಗೀಕರಣ, ಆಸ್ಪತ್ರೆಯ ಅಂಕಿಅಂಶ, ವೈದ್ಯಕೀಯ ಕಾನೂನು, ಕಂಪ್ಯೂಟರ್ ಬಳಕೆ ಮುಂತಾದವು ಇರುತ್ತವೆ. ಕನ್ನಡ ಮಾಧ್ಯಮದಿಂದ ಬಂದವರು ಪರಿಭಾಷೆಗೆ ಹೆದರುವುದುಂಟು. ಹೆದರುವ ಅಗತ್ಯವಿಲ್ಲ. ನಮ್ಮ ವ್ಯಾಕರಣದ ಪ್ರಕೃತಿ ಪ್ರತ್ಯಯಗಳಂತೆಯೇ ಅದರ ರಚನೆ. ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು, ‘ಆಸ್ಕೊಪಿ’ ಬಂದರೆ ಒಳಗಿಣುಕಿ ನೋಡುವುದು. ಅಪೆಂಡಿಸೈಟಿಸ್ ಕಾಯಿಲೆಯಾದರೆ ಅಪೆಂಡಿಸೆಕ್ಟಮಿ ಅದರ ಶಸ್ತ್ರಚಿಕಿತ್ಸೆ. ಇಂಥ ನೂರು ಪ್ರತ್ಯಯಗಳು ಬಾಯಿಗೆ ಬಂದರೆ ಸಾವಿರಾರು ಪದಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಪುಸ್ತಕ ಕಲಿಸದ ಪರಿಭಾಷೆ ಮತ್ತೊಂದಿದೆ. ‘ಹೊಟ್ಟಿ ಬ್ಯಾನಿ’, ‘ಚಳಿ ಉರಿ’, ‘ಎದಿ ಹಿಡದೈತಿ’ ಎಂದು ರೋಗಿ ಹೇಳಿದ್ದನ್ನು ಕೇಳಿ ಸರಿಯಾದ ವಿಭಾಗಕ್ಕೆ ಕಳಿಸುವ ವಿದ್ಯೆಯದು. ಅದರಲ್ಲಿ ನಮ್ಮ ಹಳ್ಳಿಯ ಮಕ್ಕಳೇ ಮುಂದು.

ಪದವಿ ಬೇಕೆನ್ನುವವರಿಗೆ ಮಣಿಪಾಲದಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯ ಬಿಎಸ್‌ಸಿ ಇದೆ. ಯಾವುದಾದರೂ ಪದವಿಯ ನಂತರ ಆಡಳಿತದ ಮೇಲ್ಮಟ್ಟಕ್ಕೆ ಹೋಗಬಯಸುವವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ ಇದೆ. ಈ ಎರಡನ್ನೂ ಬೆರೆಸಬಾರದು. ಒಂದು ದಾಖಲೆಯ ತಾಂತ್ರಿಕ ವಿದ್ಯೆ, ಇನ್ನೊಂದು ಇಡೀ ಆಸ್ಪತ್ರೆಯ ನಿರ್ವಹಣೆ.

ಫಲಕ ನೋಡಿ ಮರುಳಾಗದಿರಿ

ಇಲ್ಲಿಂದ ಮುಂದಿನದನ್ನು ಪಾಲಕರು ಗಮನವಿಟ್ಟು ಓದಬೇಕು. ಬೇಸಿಗೆ ರಜೆ ಬಂತೆಂದರೆ ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಆರು ತಿಂಗಳಲ್ಲಿ ಆಸ್ಪತ್ರೆ ಉದ್ಯೋಗ, ನೂರಕ್ಕೆ ನೂರು ಖಾತರಿ’ ಎಂಬ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಕಲಿಸುವ ಸಂಸ್ಥೆಗಳೆಲ್ಲ ಕೆಟ್ಟವೆಂದಲ್ಲ. ಅಲ್ಲಿ ಟೈಪಿಂಗ್, ಬಿಲ್ಲಿಂಗ್ ತಂತ್ರಾಂಶ, ನಾಲ್ಕು ಮಾತು ಇಂಗ್ಲಿಷ್ ಕಲಿತು ನರ್ಸಿಂಗ್ ಹೋಮಿನ ಕೌಂಟರು ಸೇರಿದವರಿದ್ದಾರೆ. ಆದರೆ ಆ ಪ್ರಮಾಣ ಪತ್ರವನ್ನು ಹಿಡಿದು ದಾಖಲೆ ತಂತ್ರಜ್ಞನ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲು ಹೋದಾಗ, ಮಂಡಳಿಯ ನೋಂದಣಿ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ. ಆಗ ಕಟ್ಟಿದ ಶುಲ್ಕವೂ ಕಳೆದ ವರ್ಷವೂ ಹಿಂದಿರುಗುವುದಿಲ್ಲ. ಎಮ್ಮೆ ಮಾರಿ ಶುಲ್ಕ ಕಟ್ಟಿದ ಮನೆಗೆ ಆ ಒಂದು ವರ್ಷ ಎಂದರೆ ಏನೆಂಬುದನ್ನು ಪಟ್ಟಣದವರು ಊಹಿಸುವುದು ಕಷ್ಟ.

ಕಾನೂನೂ ಈಗ ಬದಲಾಗಿದೆ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯ್ದೆಯು ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಪಟ್ಟಿ ಮಾಡಿದೆ. ಹತ್ತನೆಯದು ಆರೋಗ್ಯ ಮಾಹಿತಿ ನಿರ್ವಹಣೆ. ದಾಖಲೆ ವಿಶ್ಲೇಷಕ, ಕ್ಲಿನಿಕಲ್ ಕೋಡರ್, ವೈದ್ಯಕೀಯ ಕಾರ್ಯದರ್ಶಿ, ಟ್ರಾನ್ಸ್‌ಕ್ರಿಪ್ಷನಿಸ್ಟ್ ಎಲ್ಲರೂ ಅದರೊಳಗೆ ಬರುತ್ತಾರೆ. ಇಷ್ಟು ಕಾಲ ‘ಆಸ್ಪತ್ರೆಯ ಗುಮಾಸ್ತ’ ಎನಿಸಿಕೊಂಡವರಿಗೆ ಕಾನೂನು ಮೊದಲ ಬಾರಿಗೆ ವೃತ್ತಿಪರರ ಸ್ಥಾನ ಕೊಟ್ಟಿತು. ಸಹವರ್ತಿ ವೃತ್ತಿಪರರಾಗಲು ಕನಿಷ್ಠ 2000 ಗಂಟೆಗಳ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷಣ ಬೇಕೆಂದು ಕಾಯ್ದೆ ಹೇಳುತ್ತದೆ. ಆರು ತಿಂಗಳ ಭಿತ್ತಿಪತ್ರವನ್ನು ಈ ಅಳತೆಗೋಲಿನ ಪಕ್ಕ ಇಟ್ಟು ನೋಡಿದರೆ ಸಾಕು. ಆರೋಗ್ಯ ಮಾಹಿತಿ ನಿರ್ವಹಣೆಗೆ ದೇಶಕ್ಕೆಲ್ಲ ಏಕರೂಪದ ಪಠ್ಯಕ್ರಮವನ್ನು 2025ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿತು. ಈ ಕಾಯ್ದೆಯ ವ್ಯಾಪ್ತಿಯ ವಿಷಯಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸದಂತೆ ಅದೇ ವರ್ಷ ಯುಜಿಸಿ ತಡೆಯಿತು. ಆದ್ದರಿಂದ ಮನೆಯಲ್ಲಿಯೇ ಕುಳಿತು ಡಿಪ್ಲೊಮಾ ಪಡೆಯಿರಿ ಎಂದು ಯಾರಾದರೂ ಕರೆ ಮಾಡಿದರೆ ಎರಡನೆಯ ಮಾತಿಲ್ಲದೆ ಫೋನ್ ಇಡಬಹುದು.

ಕೆಲಸ, ಸಂಬಳ

ಮೊದಲ ಸಂಬಳ ದೊಡ್ಡದಲ್ಲ. ಖಾಸಗಿಯಲ್ಲಿ ಹೆಚ್ಚಿನವು ಗುತ್ತಿಗೆ ಕೆಲಸ, ಸರ್ಕಾರಿಯಲ್ಲಿಯೂ ಹೊರಗುತ್ತಿಗೆ ಹೆಚ್ಚು. ಡಿಪ್ಲೊಮಾ ಪಡೆದವನನ್ನೂ ಡಾಟಾ ಎಂಟ್ರಿ ಆಪರೇಟರ್ ಎಂಬ ಹೆಸರಿನಲ್ಲಿ ನೇಮಿಸಿಕೊಳ್ಳುವ ಚಾಳಿ ಇದೆ. ಪಾಳಿ ಕೆಲಸ, ಹಬ್ಬಕ್ಕೆ ರಜೆಯಿಲ್ಲ, ಸತ್ತವರ ಮನೆಯವರ ಸಿಟ್ಟನ್ನು ಮೊದಲು ಎದುರಿಸುವುದೂ ಕೌಂಟರಿನವರೇ. ಇದನ್ನು ಮುಚ್ಚಿಟ್ಟು ಉಜ್ವಲ ಭವಿಷ್ಯವೆಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ.

ಕೋಡಿಂಗ್ ಕಡೆ ಹೊರಳಿದವರ ಆದಾಯ ಬೇಗ ಏರುತ್ತದೆ, ಆದರೆ ಅದಕ್ಕೆ ಬೆಂಗಳೂರೋ ಚೆನ್ನೈಯೋ ಹೈದರಾಬಾದೋ ಸೇರಬೇಕು. ಅಮೆರಿಕದ ಆಸ್ಪತ್ರೆಗಳು 2015ರ ಅಕ್ಟೋಬರ್ 1ರಿಂದ ಹತ್ತನೆಯ ಆವೃತ್ತಿಯ ತಮ್ಮದೇ ವಿಸ್ತೃತ ರೂಪ ಬಳಸತೊಡಗಿದಾಗ ಅಲ್ಲಿನ ಕೋಡಿಂಗ್ ಕೆಲಸಕ್ಕೆ ಇಲ್ಲಿ ಬೇಡಿಕೆ ಬೆಳೆಯಿತು. ಅದಕ್ಕೆ ‘ಸಿಪಿಸಿ’ ಎಂಬ ಅಮೆರಿಕದ ಪರೀಕ್ಷೆ ಪಾಸಾಗುವುದು ರೂಢಿ. ಇದೇ ಹಾದಿಯಲ್ಲಿ ಹಿಂದೆ ಮೆರೆದದ್ದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಎರಡು ದಶಕಗಳ ಹಿಂದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ವೈದ್ಯರ ಮಾತು ಟೈಪ್ ಮಾಡುವ ತರಗತಿಗಳಿಗೆ ಸೀಟು ಸಿಗುತ್ತಿರಲಿಲ್ಲ. ಮಾತನ್ನು ತಾನೇ ಬರೆಯುವ ತಂತ್ರಾಂಶ ಬಂದು ಆ ಕೆಲಸವನ್ನು ತಿದ್ದುವವರ ಮಟ್ಟಕ್ಕೆ ಇಳಿಸಿತು. ಕೋಡಿಂಗಿನ ಸುಲಭ ಭಾಗಕ್ಕೂ ಯಂತ್ರ ಕೈ ಹಾಕಿದೆ. ಯಂತ್ರ ಹಾಕಿದ ಕೋಡು ಸರಿಯೇ ಎಂದು ಕಡತ ಓದಿ ಹೇಳಬಲ್ಲವರು ಉಳಿಯುತ್ತಾರೆ, ಬರಿಯ ಟೈಪ್ ಬಲ್ಲವರಿಗೆ ಕಷ್ಟ. ಹಾಗಾಗಿ ಅಂಗರಚನೆಯ ಪಾಠವನ್ನು ‘ನಮಗ್ಯಾಕೆ’ ಎಂದು ಬಿಡುವಂತಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ‘ಆಭಾ’ ಸಂಖ್ಯೆ ಈಗ ನೋಂದಣಿ ಕೌಂಟರುಗಳಲ್ಲಿ ಕೇಳಿಬರುತ್ತಿದೆ. ಹಳೆಯ ಕಡತಗಳು ಒಂದೊಂದಾಗಿ ಗಣಕಯಂತ್ರಕ್ಕೆ ಏರುತ್ತಿವೆ. ಏರಿಸುವಾಗ ತಪ್ಪಾದರೆ ಆ ತಪ್ಪು ಒಂದು ಕಪಾಟಿನಲ್ಲಿ ಕೂರುವುದಿಲ್ಲ, ದೇಶದ ಯಾವ ಆಸ್ಪತ್ರೆಗೆ ಹೋದರೂ ರೋಗಿಯ ಬೆನ್ನಿಗಿರುತ್ತದೆ.

ಸೇರಬಯಸುವವರು ಶುಲ್ಕ ಕಟ್ಟುವ ಮುನ್ನ ಮೂರು ಕಾಗದ ಕೇಳಿ ನೋಡಬೇಕು. ಅರೆವೈದ್ಯಕೀಯ ಮಂಡಳಿಯ ಮಾನ್ಯತಾ ಪತ್ರ, ಅದರಲ್ಲಿ ದಾಖಲೆ ಕೋರ್ಸಿನ ಹೆಸರು ಪ್ರತ್ಯೇಕವಾಗಿ ಇದೆಯೇ ಎಂಬುದು ಮುಖ್ಯ. ಪ್ರಾಯೋಗಿಕ ತರಬೇತಿ ನಡೆಯುವ ಆಸ್ಪತ್ರೆಯೊಂದಿಗಿನ ಒಪ್ಪಂದ. ಹಿಂದಿನ ವರ್ಷ ಪರೀಕ್ಷೆ ಬರೆದವರ ಫಲಿತಾಂಶ ಪಟ್ಟಿ. ತೋರಿಸಲು ಹಿಂಜರಿದರೆ ಎದ್ದು ಬರಬಹುದು. ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಬಿಟ್ಟು ಬರಬಾರದು, ದೃಢೀಕೃತ ನಕಲು ಸಾಕು. ಅರ್ಜಿಯಲ್ಲಿ ನಿಮ್ಮ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆಯೇ, ಅಡ್ಡಹೆಸರು ಸಹಿತ, ಅಕ್ಷರಕ್ಕೆ ಅಕ್ಷರ ಇರಲಿ. ದಾಖಲೆ ವಿಭಾಗಕ್ಕೆ ಸೇರುವವರ ದಾಖಲೆಯಲ್ಲಿಯೇ ತಪ್ಪಿದ್ದರೆ ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.